ಖಾತೆಯಲ್ಲಿ ಇಲ್ಲದ ಹೆಸರುಗಳನ್ನು ಮೊದಲು ಹುಡುಕಿ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಒಂದು ಕಾಫಿ ತೋಟ. ನಾನು ನಾಲ್ಕನೇ ತಲೆಮಾರು. ಹೋದ ವರ್ಷ ತಾತ ತೀರಿಕೊಂಡರು. ಈಗ ನಮ್ಮದೇ ಕಾಫಿಪುಡಿ ಮಾಡಿ ಮಾರಲು ಹೊರಟಿದ್ದೇವೆ. ಪ್ಯಾಕೆಟ್ ಮೇಲೆ ತೋಟ ಶುರುವಾದ ವರ್ಷ ಹಾಕಬೇಕು, ಮನೆತನದ ಕಥೆಯನ್ನು ಒಂದು ಸಣ್ಣ ಪುಸ್ತಕವಾಗಿ ಬರೆಯಬೇಕು ಅಂತ ಆಸೆ. ಅಪ್ಪ 1890 ಅನ್ನುತ್ತಾರೆ. ದೊಡ್ಡಪ್ಪ 1920ರಿಂದ ಈಚೆಗೆ ಅನ್ನುತ್ತಾರೆ. ಅಟ್ಟದಲ್ಲಿ ಒಂದು ಟ್ರಂಕಿನ ತುಂಬ ಹಳೇ ಕಾಗದ ಇವೆ. ತಾತನ ತಂಗಿ ಸಣ್ಣಜ್ಜಿ ಸಕಲೇಶಪುರದಲ್ಲಿದ್ದಾರೆ, 88 ವರ್ಷ. ಎಲ್ಲಿಂದ ಶುರು ಮಾಡಲಿ? ಪಾಲಿನ ಜಗಳವನ್ನು ಬರೆಯಬೇಕೋ ಬಿಡಬೇಕೋ?

ಉತ್ತರ: ಟ್ರಂಕಿನ ಬಗ್ಗೆ ನೀವು ಕೇಳಿದ್ದೀರಿ. ಸಣ್ಣಜ್ಜಿಯ ಬಗ್ಗೆ ಬರೀ ಹೇಳಿದ್ದೀರಿ. ನಾನಾಗಿದ್ದರೆ ಟ್ರಂಕನ್ನು ಅಟ್ಟದ ಮೇಲೇ ಬಿಟ್ಟು ನಾಳೆ ಬೆಳಗಿನ ಬಸ್ಸಿಗೆ ಸಕಲೇಶಪುರಕ್ಕೆ ಹೊರಡುತ್ತಿದ್ದೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚಿಕ್ಕಮಗಳೂರು, ಹಾಸನ ಈ ಎರಡು ಜಿಲ್ಲೆಗಳ ಕಂದಾಯ ಕಚೇರಿಗಳಲ್ಲಿ ಹಳೇ ದಾಖಲೆ ನೋಡಿಕೊಂಡು ಬಂದವನು ನಾನು. ನಿವೃತ್ತಿಯಾದ ಮೇಲೆ ತೋಟದ ಮನೆಗಳಿಗೆ ಹೋಗಿ ಅವರವರ ಕಾಗದ ಓದಿ ಹೇಳುವುದೇ ಕೆಲಸವಾಗಿದೆ. ಕಾಗದದ ಮೇಲೆ ನನಗೆ ಪ್ರೀತಿ ಜಾಸ್ತಿ. ಆದರೂ ಕಾಗದಕ್ಕಿಂತ ಮೊದಲು ಜನ ಅಂತ ಹೇಳುವುದಕ್ಕೆ ಒಂದು ಕಾರಣ ಇದೆ. ನಮ್ಮ ದೊಡ್ಡಮ್ಮ ಆಲ್ದೂರಿನ ಹತ್ತಿರ ಒಂದು ಸಣ್ಣ ತೋಟವನ್ನು ಒಬ್ಬರೇ ಹದಿನಾಲ್ಕು ವರ್ಷ ನಡೆಸಿದರು. ದೊಡ್ಡಪ್ಪ ಬೇಗ ಹೋಗಿಬಿಟ್ಟಿದ್ದರು. ಆ ಹದಿನಾಲ್ಕು ವರ್ಷ ಸಾಲ ಹೇಗೆ ತೀರಿಸಿದರು, ಆಳು ಸಿಗದ ವರ್ಷ ಹಣ್ಣು ಯಾರು ಕುಯ್ದರು, ಒಂದೂ ನನಗೆ ಗೊತ್ತಿಲ್ಲ. ಕೇಳೋಣ, ಮುಂದಿನ ಮಳೆಗಾಲದಲ್ಲಿ ಹೋಗಿ ಕೂತು ಕೇಳೋಣ ಅಂದುಕೊಳ್ಳುತ್ತಾ ಇದ್ದೆ. ಅವರ ಹೆಸರಿನ ಪಹಣಿ ನನ್ನ ಹತ್ತಿರ ಇದೆ. ಅದರಲ್ಲಿ ಎಕರೆ, ಗುಂಟೆ, ಕಂದಾಯ ಎಲ್ಲ ಇದೆ. ಅವರ ಮಾತು ಮಾತ್ರ ಇಲ್ಲ.

ಸಣ್ಣಜ್ಜಿಯ ಹತ್ತಿರ ಹೋದಾಗ "ಯಾವ ವರ್ಷ?" ಅಂತ ಕೇಳಬೇಡಿ. ಆ ವಯಸ್ಸಿನವರಿಗೆ ಇಸವಿ ನೆನಪಿರುವುದಿಲ್ಲ, ಗುರುತು ನೆನಪಿರುತ್ತದೆ. ನಾಣ್ಯ ಬದಲಾಗಿ ನಯಾ ಪೈಸೆ ಬಂದಾಗ ಈ ಕಣ ಇತ್ತಾ ಅಂತ ಕೇಳಿ. ಅದು 1957. ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ಚುನಾವಣೆಗೆ ನಿಂತಾಗ ತೋಟ ಯಾರು ನೋಡಿಕೊಳ್ಳುತ್ತಿದ್ದರು ಅಂತ ಕೇಳಿ. ಅದು 1978ರ ನವೆಂಬರ್. ಸಕಲೇಶಪುರದ ಮೇಲೆ ಮಂಗಳೂರಿಗೆ ರೈಲು ಬಿಟ್ಟದ್ದು, ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದದ್ದು, ಎರಡೂ 1979. ನಿಮ್ಮ ನೆಂಟರಲ್ಲಿ ಯಾರದಾದರೂ ಹೊಲ ಗದ್ದೆ ಹೇಮಾವತಿಯಲ್ಲಿ ಮುಳುಗಿದ್ದರೆ ಆ ಕಥೆ ತಾನಾಗಿ ಬರುತ್ತದೆ. ಯಾರ ಮದುವೆ ಮೊದಲು, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ತಂದದ್ದು ಮೊದಲಾ, ಹಂಚು ಹೊದಿಸಿದ್ದು ಮೊದಲಾ, ಹೀಗೆ ಹಿಂದು ಮುಂದು ಕೇಳಿದರೆ ಸಾಕು. ಇಸವಿ ನೀವು ಆಮೇಲೆ ಕೂಡಿಸಿಕೊಳ್ಳಬಹುದು.

ಹೋಗುವಾಗ ಹಳೇ ಫೋಟೋ ಒಂದೆರಡು ತೆಗೆದುಕೊಂಡು ಹೋಗಿ. ಫೋನನ್ನು ಮುಖದ ಮುಂದೆ ಹಿಡಿಯಬೇಡಿ. ರೆಕಾರ್ಡ್ ಮಾಡ್ತೀನಿ ಅಂತ ಹೇಳಿ, ಒಪ್ಪಿದ ಮೇಲೆ ಪಕ್ಕದಲ್ಲಿ ಇಟ್ಟುಬಿಡಿ. ಹಣ್ಣು ಕುಯ್ಯುವ ಕಾಲದಲ್ಲಿ ಯಾರ ಮನೆಗೂ ಹೋಗಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದುಕೊಂಡಿರುವಾಗ, ಬಚ್ಚಲ ಒಲೆ ಹತ್ತಿರ ಕೂತು ಹಲಸಿನ ಬೀಜ ಸುಡುತ್ತಾ ಇರುವಾಗ ಬರುವ ಮಾತೇ ಬೇರೆ. ಆದರೆ 88ರ ಅಜ್ಜಿಗೆ ಮಳೆಗಾಲ ಕಾಯಬೇಡಿ. ಈ ವಾರವೇ ಹೋಗಿ.

ಇನ್ನು ಟ್ರಂಕು. ಒಂದೊಂದೇ ಕಾಗದ ತೆಗೆದು ನೆರಳಿನಲ್ಲಿ ಹರಡಿ. ಬಿಸಿಲಿಗೆ ಹಾಕಬೇಡಿ, ಹಳೇ ಶಾಯಿ ಮಾಸುತ್ತದೆ. ಮಡಿಕೆ ಗಟ್ಟಿಯಾಗಿದ್ದರೆ ಎಳೆಯಬೇಡಿ. ಸೆಲ್ಲೋಟೇಪ್ ಅಂಟಿಸಲೇಬೇಡಿ. ಯಾವ ಕಾಗದ ಯಾವುದರ ಜೊತೆ ಕಟ್ಟಿತ್ತು ಅಂತ ಬಿಚ್ಚುವ ಮೊದಲು ಫೋಟೋ ತೆಗೆದುಕೊಳ್ಳಿ. ನಿಮ್ಮ ಮುತ್ತಾತ ಒಂದು ಕಂದಾಯ ರಸೀದಿಯನ್ನು ಒಂದು ಸಾಲಪತ್ರದ ಜೊತೆ ದಾರದಲ್ಲಿ ಕಟ್ಟಿ ಇಟ್ಟಿದ್ದರೆ ಅದಕ್ಕೆ ಅರ್ಥ ಇದೆ. ಬಿಡಿಸಿ ಜೋಡಿಸಿದರೆ ಆ ಅರ್ಥ ಹೋಯಿತು.

ನೀವು ಕಂಪ್ಯೂಟರ್ ಪಹಣಿ ಮಾತ್ರ ನೋಡಿದವರು. ಅದು ಬಂದದ್ದು 2000ದ ಆಚೀಚೆ, ಭೂಮಿ ಯೋಜನೆಯಲ್ಲಿ. ಅದಕ್ಕೆ ಹಿಂದಿನದೆಲ್ಲ ಶಾನುಭೋಗರ, ಗ್ರಾಮ ಲೆಕ್ಕಿಗರ ಕೈಬರಹ. ಕೆಲವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತದೆ. ಕೆಲವರದು ಒಂದಕ್ಕೊಂದು ಕೂಡಿಕೊಂಡು ಓಡುವ ಮೋಡಿ ಬರಹ, ಅಭ್ಯಾಸ ಇಲ್ಲದವರಿಗೆ ಬಿಡಿಸಲು ಆಗುವುದಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಿಮ್ಮ ಸರ್ವೆ ನಂಬರಿನ ಹಳೇ ಪಹಣಿ, ಹಕ್ಕು ಬದಲಾವಣೆ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಕೇಳಿ. ಸರ್ವೆ ಕಚೇರಿಯಲ್ಲಿ ಮೂಲ ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಕೇಳಿ. ಮೈಸೂರು ಸರ್ಕಾರ ದರಖಾಸ್ತಿನಲ್ಲಿ, ಅಂದರೆ ಅರ್ಜಿ ತೆಗೆದುಕೊಂಡು, ಕೊಟ್ಟ ಜಮೀನಾದರೆ ಸಾಗುವಳಿ ಚೀಟಿ ಇರುತ್ತದೆ. ಕ್ರಯಕ್ಕೆ ತೆಗೆದುಕೊಂಡಿದ್ದರೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ಈಗ ಮೊದಲಿನಷ್ಟು ಅಲೆದಾಟ ಇಲ್ಲ.

ಹುಡುಕುವಾಗ ಎರಡು ವಿಷಯ ತಲೆಯಲ್ಲಿರಲಿ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಸಕಲೇಶಪುರದ ಕಡೆಗೆ ಮಂಜರಾಬಾದ್ ತಾಲ್ಲೂಕು ಅಂತ ಬರೆಯುತ್ತಿದ್ದರು. ನಿಮ್ಮ ಕಾಗದದಲ್ಲಿ "ಕಡೂರು ಡಿಸ್ಟ್ರಿಕ್ಟ್" ಅಂತ ಇದ್ದರೆ ಅದು ಬೇರೆ ಯಾರದೋ ಪತ್ರ ಅಂತ ಪಕ್ಕಕ್ಕೆ ಇಡಬೇಡಿ. ಹಾಗೆ ಪಕ್ಕಕ್ಕಿಟ್ಟ ಮೂಲಪತ್ರಗಳನ್ನು ನಾನು ನೋಡಿದ್ದೇನೆ.

ಎರಡನೆಯದು ಸಂವತ್ಸರ. ಹಳೇ ಪತ್ರದಲ್ಲಿ ಇಸವಿ ಇಲ್ಲದೆ "ಆನಂದ ಸಂವತ್ಸರದ ಮಾಘ ಬಹುಳ" ಅಂತ ಮಾತ್ರ ಇರಬಹುದು. ಒಂದೇ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆನಂದ ಸಂವತ್ಸರ 1914-15ರಲ್ಲೂ ಬಂತು, 1974-75ರಲ್ಲೂ ಬಂತು. 1854ರಲ್ಲೂ ಇತ್ತು. ಒಂದು ಸುತ್ತು ತಪ್ಪಿದರೆ ಮಗ ತಾತನಾಗಿಬಿಡುತ್ತಾನೆ. ಪತ್ರದಲ್ಲಿ ದುಡ್ಡು ಆಣೆ ಪೈನಲ್ಲಿ ಇದೆಯಾ, ಛಾಪಾ ಕಾಗದದ ಮೇಲೆ ಯಾರ ಮುದ್ರೆ ಇದೆ, ಸಾಕ್ಷಿ ಹಾಕಿದವರು ಯಾವ ತಲೆಮಾರಿನವರು, ಇದನ್ನೆಲ್ಲ ನೋಡಿಯೇ ಸುತ್ತು ನಿರ್ಧಾರ ಮಾಡಬೇಕು. ನಿಮ್ಮ ಅಪ್ಪ ಮತ್ತು ದೊಡ್ಡಪ್ಪನ ಲೆಕ್ಕದಲ್ಲಿ ವ್ಯತ್ಯಾಸ ಬರೀ 30 ವರ್ಷ. ಹಾಗಾಗಿ ಅದು ಸಂವತ್ಸರದ ತಪ್ಪು ಅಲ್ಲ ಅನ್ನಿಸುತ್ತದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ಮಾತು. ನಮ್ಮ ಕಡೆಯ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ "ಬಿನ್" ಅಂತ ಬರುತ್ತದೆ. ಇಂಥವರ ಮಗ ಅಂತ. ಹೆಂಗಸಿನ ಹೆಸರಿನ ಮುಂದೆ "ಕೋಂ" ಅಂತ ಬರುತ್ತದೆ, ಇಂಥವರ ಹೆಂಡತಿ ಅಂತ. ಹೆಚ್ಚಿನ ಮನೆತನದ ಕಥೆಗಳು ಬಿನ್, ಬಿನ್, ಬಿನ್ ಅಂತ ಕೆಳಗಿಳಿದು ಬರುತ್ತವೆ. ಮುತ್ತಾತ, ತಾತ, ಅಪ್ಪ, ನಾನು. ನಾಲ್ಕು ಫೋಟೋ, ನಾಲ್ಕು ಪೇಟ. ನೀವು ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ನೀವು "ಕೋಂ" ಎಲ್ಲೆಲ್ಲಿ ಇದೆ ಅಂತ ಹುಡುಕಿ.

ಯಾಕೆ ಅಂದ್ರೆ, ಗಂಡ ಬದುಕಿರುವಾಗ ಹೆಂಡತಿಯ ಹೆಸರು ಆಗಿನ ಖಾತೆಯಲ್ಲಿ ಬರುತ್ತಿದ್ದದ್ದು ಅಪರೂಪ. ಗಂಡ ಹೋದ ಮೇಲೆ, ಮಕ್ಕಳು ಇನ್ನೂ ಚಿಕ್ಕವರಿದ್ದಾಗ ಬರುತ್ತಿತ್ತು. "ಮೈನರ್ ಮಗನ ಪರವಾಗಿ ತಾಯಿ ಗಾರ್ಡಿಯನ್" ಅಂತ ಒಂದು ಸಾಲು. ಎಂಟು ಹತ್ತು ವರ್ಷದ ನಂತರ ಮಗನ ಹೆಸರಿಗೆ ಖಾತೆ ಆಗುತ್ತದೆ, ಆ ಸಾಲು ಹೊರಟು ಹೋಗುತ್ತದೆ. ನಾನು ನೋಡಿದ ಮನೆಗಳಲ್ಲಿ ತೋಟ ಕೈತಪ್ಪಿ ಹೋಗುವ ಹಾಗಿದ್ದದ್ದು ಸರಿಯಾಗಿ ಆ ಎಂಟು ಹತ್ತು ವರ್ಷಗಳಲ್ಲೇ. ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ, ಗಂಡನ ದಾಯಾದಿಗಳು ಬೇಲಿ ಸರಿಸುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರ್ ಲೆಕ್ಕ ತಪ್ಪಿಸುತ್ತಾನೆ. ಅದನ್ನೆಲ್ಲ ತಡೆದುಕೊಂಡು ಮಗನ ಕೈಗೆ ತೋಟ ಕೊಟ್ಟವರು ಆ ತಾಯಿ. ಆಮೇಲಿನ ಕಥೆಯಲ್ಲಿ ಮಗ "ತೋಟ ಕಟ್ಟಿದವರು" ಆಗುತ್ತಾರೆ.

ಅರೇಹಳ್ಳಿ ಕಡೆಯ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಅವರು ನನ್ನನ್ನು ಕರೆದದ್ದು ಒಂದು ಪೋಡಿ, ಅಂದರೆ ಜಮೀನು ಅಳೆದು ಬೇರೆ ಮಾಡುವ ವಿಷಯಕ್ಕೆ. ಪತ್ರಗಳ ಅಡಿಯಲ್ಲಿ 1950ರ ದಶಕದ ಚೆಕ್‌ರೋಲ್ ಪುಸ್ತಕಗಳು ಸಿಕ್ಕಿದವು. ತೋಟದ ಆಳುಗಳ ಹಾಜರಿ ಪುಸ್ತಕ ಅದು. ಉದ್ದನೆಯ ಹಾಳೆ, ಎಡಕ್ಕೆ ಹೆಸರು, ಬಲಕ್ಕೆ ತಾರೀಕಿನ ಮನೆಗಳು, ಬಂದವರಿಗೆ ಒಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಮೊದಲ ಪುಸ್ತಕದಲ್ಲಿ ರೈಟರನ ದುಂಡನೆಯ ನೀಲಿ ಅಕ್ಷರ. ಒಂದು ಕಡೆ ಅದು ನಿಂತುಹೋಗಿತ್ತು. ಎರಡು ಹಾಳೆ ಖಾಲಿ. ಆಮೇಲೆ ಪೆನ್ಸಿಲಿನಲ್ಲಿ ಬೇರೆ ಕೈ. ಅಕ್ಷರ ದೊಡ್ಡದು, ಒತ್ತಿ ಒತ್ತಿ ಬರೆದದ್ದು, ಒತ್ತಕ್ಷರ ಅಲ್ಲಲ್ಲಿ ತಪ್ಪು. ಹಾಳೆಯ ಹಿಂಭಾಗಕ್ಕೆ ಬೆರಳು ಸವರಿದರೆ ಆ ಒತ್ತು ಉಬ್ಬಿಕೊಂಡು ಸಿಗುತ್ತಿತ್ತು. ಅಂಚಿನಲ್ಲಿ ಅಕ್ಕಿ ಸೇರಿನ ಲೆಕ್ಕ, ಮಗುವಿನ ಔಷಧಿಗೆ ಎಂಟು ಆಣೆ. ಮನೆಯ ಯಜಮಾನರಿಗೆ ಅದು ಯಾರ ಕೈಬರಹ ಅಂತ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅವರ ಅಕ್ಕ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದು ಸಲ ನೋಡಿದರು. "ಅವ್ವಂದು" ಅಂದರು. "ಅಪ್ಪ ಹೋದ ಮೇಲೆ ರೈಟರು ಬಿಟ್ಟು ಹೋದ. ರಾತ್ರಿ ನಾವು ಮಲಗಿದ ಮೇಲೆ ಅವ್ವ ಬರೀತಿದ್ಲು. ಓದಿದ್ದು ಮೂರನೇ ಕ್ಲಾಸು." ಯಜಮಾನರು ಸುಮಾರು ಹೊತ್ತು ಮಾತಾಡಲಿಲ್ಲ. ಅವರು ಆಗ ಎರಡು ವರ್ಷದ ಮಗು. ಎಂಟು ಆಣೆಯ ಔಷಧಿ ಅವರಿಗೇ ತಂದದ್ದು.

ಆ ಮನೆಯ ಪಹಣಿಯಲ್ಲಿ ಆ ತಾಯಿಯ ಹೆಸರು "ಕೋಂ" ಅಂತ ಆರು ವರ್ಷ ಇದೆ. ಅಷ್ಟೇ.

ನಿಮ್ಮ ಮನೆಯಲ್ಲೂ ಅಂಥವರು ಇರಬಹುದು. ಸೊಸೆಯಂದಿರು ತಂದ ಬಂಗಾರ ಯಾವ ವರ್ಷ ಅಡಮಾನಕ್ಕೆ ಹೋಯಿತು ಅಂತ ಕೇಳಿ. ಅದು ಯಾವ ದಾಖಲೆಯಲ್ಲೂ ಸಿಗುವುದಿಲ್ಲ, ಆದರೆ ಎಷ್ಟೋ ತೋಟಗಳ ಬೇರಿನಲ್ಲಿ ಆ ಬಂಗಾರ ಇದೆ. ಮದುವೆಯಾಗಿ ಹೊರಗೆ ಹೋದ ಅತ್ತೆಯರನ್ನು ಕೇಳಿ. ಅವರಿಗೆ ಒಂದು ಕಾಲದ ತೋಟ ಹಾಗೇ ನೆನಪಿರುತ್ತದೆ, ಯಾಕೆಂದರೆ ಆಮೇಲಿನ ಬದಲಾವಣೆ ಅವರು ನೋಡಿಲ್ಲ.

ಆದರೆ ಒಂದು ಎಚ್ಚರಿಕೆ. ಅತ್ತೆಯರ ಮನೆಗೆ ಹೋಗಿ ವಂಶವೃಕ್ಷ ಬರೀತಾ ಇದ್ದೀನಿ ಅಂದರೆ ಅವರಿಗೆ ಸಹಿ ಹಾಕಿಸಿಕೊಳ್ಳಲು ಬಂದ ಅಂತ ಅನುಮಾನ ಬರುವುದು ಸಹಜ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯಿಸಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಹಕ್ಕು ಕೊಟ್ಟಿತು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಅದನ್ನು ಮುಟ್ಟುವುದಿಲ್ಲ. ಇದೆಲ್ಲ ಅತ್ತೆಯರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಾತ ಹೋಗಿ ಒಂದೇ ವರ್ಷ ಆಗಿದೆ, ನಿಮ್ಮ ಮನೆಯಲ್ಲಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಕೆಲಸ, ಇನ್ನೂ ಬಾಕಿ ಇರಬಹುದು. ಹಾಗಿದ್ದರೆ ಖಾತೆಯ ಕೆಲಸ ಮತ್ತು ಕಥೆಯ ಕೆಲಸ ಒಂದೇ ದಿನ, ಒಂದೇ ಚೀಲದಲ್ಲಿ ತೆಗೆದುಕೊಂಡು ಹೋಗಬೇಡಿ. ಕಥೆ ಕೇಳಲು ಹೋದಾಗ ಯಾವ ಕಾಗದವನ್ನೂ ಮುಂದೆ ಇಡಬೇಡಿ. ಬರೆದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು, ಅವರ ಮಕ್ಕಳನ್ನು ಒಬ್ಬರನ್ನೂ ಬಿಡದೆ ಸೇರಿಸಿ, ಮೊದಲ ಪ್ರತಿ ಅವರಿಗೇ ಕಳಿಸಿ.

ತೋಟವನ್ನೂ ಓದಬಹುದು. ಗಿಡಗಳು ಸುಳ್ಳು ಹೇಳುವುದಿಲ್ಲ. ನಿಮ್ಮಲ್ಲಿ ಎಸ್.795 ಅರೇಬಿಕಾ ಎತ್ತರದ ಗಿಡಗಳಿರುವ ಬ್ಲಾಕ್ ಇದ್ದರೆ ಅದನ್ನು ನೆಟ್ಟದ್ದು 1940ರ ದಶಕದ ನಡುಭಾಗಕ್ಕಿಂತ ಹಿಂದೆ ಇರಲಾರದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆ ತಳಿಯನ್ನು ಬಿಟ್ಟದ್ದೇ ಆಗ. ಆ ಕೇಂದ್ರ ಶುರುವಾದದ್ದು 1925ರಲ್ಲಿ. ಗಿಡ್ಡ ಗಿಡದ ಕಾವೇರಿ ಬ್ಲಾಕ್ ಇದ್ದರೆ 1985ರ ಈಚೆ, ಚಂದ್ರಗಿರಿ ಇದ್ದರೆ 2007ರ ಈಚೆ. ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ್ದರೆ ಯಾಕೆ ಅಂತ ಕೇಳಿ, ಹೆಚ್ಚಿನಂಶ ಬಿಳಿ ಕಾಂಡಕೊರಕ ಅನ್ನುವ ಹುಳದ ಕಥೆ ಬರುತ್ತದೆ. ನೆರಳು ಕಡಿಮೆಯಾದ ಕಡೆ ಹುಳ ಹೆಚ್ಚು. ಹುಳ ಬಿದ್ದ ಗಿಡವನ್ನು ಕಿತ್ತು ಸುಡಲೇಬೇಕು. ತಾನು ನೆಟ್ಟ ಗಿಡವನ್ನು ತಾನೇ ಕಿತ್ತು ಸುಟ್ಟವರ ಹತ್ತಿರ ಆ ವರ್ಷದ ಬಗ್ಗೆ ಕೇಳಿ ನೋಡಿ, ಮಾತು ಎಷ್ಟು ಸ್ಪಷ್ಟವಾಗಿ ಬರುತ್ತದೆ ಅಂತ.

ಒಂದು ಬ್ಲಾಕಿನಲ್ಲಿ ಸತ್ತ ಗಿಡದ ಜಾಗಕ್ಕೆ ಹೊಸ ಗಿಡ ಹಾಕುತ್ತಾ ಬಂದಿರುತ್ತಾರೆ. ಹಾಗಾಗಿ ಹತ್ತು ಗಿಡ ನೋಡಿ ತೀರ್ಮಾನಕ್ಕೆ ಬರಬೇಡಿ. ಸಾಲು ಹಿಡಿದು ನಡೆಯಿರಿ. ಬುಡ ದಪ್ಪ ಇರುವ ಹಳೇ ಗಿಡಗಳು ಒಂದು ಕಡೆ ಸೇರಿರುತ್ತವೆ, ಸಾಮಾನ್ಯವಾಗಿ ಹಳೇ ಮನೆಯ ಹಿಂದೆ ಅಥವಾ ಹಳ್ಳದ ಪಕ್ಕ. ತೋಟ ಅಲ್ಲಿಂದ ಬೆಳೆದಿದೆ.

ಬ್ಲಾಕುಗಳ ಹೆಸರನ್ನೂ ಬರೆದುಕೊಳ್ಳಿ. ಬಸರಿ ಮರದ ಬ್ಲಾಕು, ಹಳೇ ಕಣದ ಬ್ಲಾಕು, ಯಾರೋ ಒಬ್ಬರ ಹೆಸರಿನ ಬ್ಲಾಕು. ಬಸರಿ ಮರ ಬಿದ್ದು ಮೂವತ್ತು ವರ್ಷವಾಗಿರಬಹುದು, ಹೆಸರು ಮಾತ್ರ ಇರುತ್ತದೆ. ಇದನ್ನು ಮನೆಯವರಿಗಿಂತ ಆಳುಗಳು ಚೆನ್ನಾಗಿ ಹೇಳುತ್ತಾರೆ.

ಆಳುಗಳ ಮಾತು ಬಂತು. ನೀವು "ನಾಲ್ಕು ತಲೆಮಾರು" ಅಂದಿದ್ದೀರಿ. ಆಳುಗಳು ಇರುವ ನಿಮ್ಮ ಲೈನ್ ಮನೆಗಳಲ್ಲಿ ಎಷ್ಟು ತಲೆಮಾರು ಇದ್ದಾರೆ? ನಮ್ಮ ತೋಟಗಳಿಗೆ ಘಟ್ಟದ ಕೆಳಗಿನಿಂದ ತುಳು ಮಾತಾಡುವವರು ಬಂದರು, ತಮಿಳುನಾಡಿನಿಂದ ಬಂದರು, ಬಯಲುಸೀಮೆಯಿಂದ ಬಂದರು. ಈಗ ಅಸ್ಸಾಮಿನಿಂದ ಬರುತ್ತಾರೆ. ಮರ ಹತ್ತಿ ನೆರಳಿನ ಕೊಂಬೆ ಕಡಿಯುವ ಮರಗಸಿ ಮಾಡುವುದು, ಎಷ್ಟು ಕೊಂಬೆ ಬಿಟ್ಟರೆ ಎಷ್ಟು ನೆರಳು ಅಂತ ಕೆಳಗಿನಿಂದಲೇ ಅಂದಾಜು ಮಾಡುವುದು, ಹೂ ಮಳೆಯ ಮೊದಲು ಗಿಡದ ಕಸಿ, ಅಂದರೆ ಬೇಡದ ರೆಂಬೆ ಸವರುವ ಕೆಲಸ, ಮುಗಿಸುವುದು, ಇದು ಓದಿ ಬರುವ ವಿದ್ಯೆ ಅಲ್ಲ. ನಿಮ್ಮ ತೋಟದ ನೆರಳಿನ ಆಕಾರ ಯಾರೋ ಒಬ್ಬ ಮೇಸ್ತ್ರಿಯ ಕಣ್ಣಿನ ಅಂದಾಜು. ಅವರ ಹೆಸರು ನಿಮಗೆ ಗೊತ್ತಿರಬೇಕು. ಚೆಕ್‌ರೋಲ್ ಸಿಕ್ಕಿದರೆ ಅದರಲ್ಲಿರುವ ಹೆಸರುಗಳನ್ನು ಲೈನಿನ ಹಿರಿಯರ ಎದುರು ಓದಿ. "ಇವಳು ನಮ್ಮಮ್ಮ" ಅಂತ ಯಾರಾದರೂ ಎದ್ದು ನಿಲ್ಲುತ್ತಾರೆ. ಅವರನ್ನು ಕೇಳಿ, ಒಪ್ಪಿದರೆ ಹೆಸರು ಸಮೇತ ಪುಸ್ತಕದಲ್ಲಿ ಬರೆಯಿರಿ. ಕೊನೆಯ ಪುಟದಲ್ಲಿ "ಎಲ್ಲ ಕಾರ್ಮಿಕರಿಗೂ ಕೃತಜ್ಞತೆ" ಅಂತ ಒಂದು ಸಾಲು ಹಾಕಿ ಮುಗಿಸಬೇಡಿ. ಕೂಲಿಯ ವಿಷಯದಲ್ಲಿ, ಮನೆಯ ವಿಷಯದಲ್ಲಿ ಅವರು ನಿಮ್ಮ ಮನೆತನದ ಬಗ್ಗೆ ಕಹಿ ಮಾತು ಹೇಳಿದರೆ ಅದನ್ನೂ ಕೇಳಿಸಿಕೊಳ್ಳಿ.

ತಲೆಮಾರುಗಳ ನಡುವಿನ ತಿರುವುಗಳು ಹೊರಗಿನ ಕಾರಣಕ್ಕೆ ಬಂದಿರುತ್ತವೆ, ಅದನ್ನೂ ಜೋಡಿಸಿಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು. 1942ರ ಕಾಫಿ ಕಾಯ್ದೆ ಬಂತು. ಆಮೇಲೆ ಬೆಳೆದ ಕಾಫಿಯನ್ನು ಕಾಫಿ ಬೋರ್ಡ್ ಎಲ್ಲರದನ್ನೂ ಒಟ್ಟು ಸೇರಿಸಿ ಮಾರುವ ಪೂಲಿಗೆ ಕೊಟ್ಟು, ಕಂತು ಕಂತಾಗಿ ಬರುವ ದುಡ್ಡಿಗೆ ಕಾಯಬೇಕಿತ್ತು. 1990ರ ದಶಕದಲ್ಲಿ ಪೂಲಿಂಗ್ ಹೋಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿತು, 2000ದ ನಂತರದ ಎರಡು ಮೂರು ವರ್ಷ ಪಾತಾಳಕ್ಕೆ ಇಳಿಯಿತು. ತಾತ ಯಾಕೆ ಒಂದೊಂದು ರೂಪಾಯಿಗೂ ಅಷ್ಟು ಲೆಕ್ಕ ಹಾಕುತ್ತಿದ್ದರು, ಅಪ್ಪ ಯಾಕೆ ಒಂದು ವರ್ಷ ಜೀಪು ತಂದು ಇನ್ನೊಂದು ವರ್ಷ ಮಾರಿದರು ಅಂತ ಇದರಿಂದ ಅರ್ಥವಾಗುತ್ತದೆ.

ಗದ್ದೆಯ ಕಥೆ ಬೇರೆ. 1974ರ ಭೂಸುಧಾರಣೆಯಲ್ಲಿ ಗೇಣಿ ಗದ್ದೆಗಳು ಉಳುವವರ ಪಾಲಾದವು. ಕಾಫಿ, ಏಲಕ್ಕಿ, ಮೆಣಸಿನ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿದ್ದರು. ನಿಮ್ಮ ಮನೆತನ ಗದ್ದೆ ಕಳೆದುಕೊಂಡಿತೋ, ಗೇಣಿದಾರರ ಅರ್ಜಿಯಾದ ಏಳನೇ ನಮೂನೆ ಹಾಕಿ ಗದ್ದೆ ಪಡೆಯಿತೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದೇ ಆದರೂ ಇನ್ನೊಂದು ಕಡೆ ನಿಮ್ಮ ಊರಿನದೇ ಒಂದು ಮನೆ ಇದೆ. ಅವರ ಮಾತನ್ನೂ ಒಂದು ಸಲ ಕೇಳಿ ಬರೆಯಿರಿ.

ಈಗ ಜಗಳ. ಪಾಲುಪಟ್ಟಿ ಇದ್ದರೆ ಅದನ್ನು ಚೆನ್ನಾಗಿ ಓದಿ. ನಾನು ಓದಿದ ಕಾಗದಗಳಲ್ಲಿ ಮನೆಯೊಳಗಿನ ಬದುಕನ್ನು ಅದರಷ್ಟು ಹೇಳುವ ಪತ್ರ ಇನ್ನೊಂದಿಲ್ಲ. ಯಾರಿಗೆ ಯಾವ ಬ್ಲಾಕು, ಕಣ ಯಾರಿಗೆ, ಪಲ್ಪರ್ ಯಾರು ಯಾವ ದಿನ ಉಪಯೋಗಿಸಬೇಕು, ಬಾವಿಗೆ ಹೋಗುವ ದಾರಿ ಎಷ್ಟು ಅಡಿ, ತಾಯಿಗೆ ವರ್ಷಕ್ಕೆ ಯಾರು ಎಷ್ಟು ಭತ್ತ ಅಳೆಯಬೇಕು, ಎಲ್ಲ ಇರುತ್ತದೆ. ಒಂದು ಪಾಲುಪಟ್ಟಿಯಲ್ಲಿ ಮನೆ ಮುಂದಿನ ಹಲಸಿನ ಮರದ ಹಣ್ಣು ಅಣ್ಣತಮ್ಮ ಮೂವರಿಗೂ ಸೇರಿದ್ದು, ಮರ ಮಾತ್ರ ಕಡಿಯಕೂಡದು ಅಂತ ಬರೆದಿತ್ತು. ಅಷ್ಟು ಕೋಪದಲ್ಲಿ ಬೇರೆಯಾದವರು ಆ ಮರಕ್ಕೆ ಒಂದು ಸಾಲು ಕೊಟ್ಟಿದ್ದರು.

ಪಾಲಾದದ್ದನ್ನು ಬರೆಯಿರಿ. ವರ್ಷ ಬರೆಯಿರಿ, ಹೇಗೆ ಪಾಲಾಯಿತು ಬರೆಯಿರಿ. ಬರೆಯದಿದ್ದರೆ ದೊಡ್ಡ ತೋಟ ಇದ್ದಕ್ಕಿದ್ದ ಹಾಗೆ ಚಿಕ್ಕದಾದದ್ದು ಓದುವವರಿಗೆ ಅರ್ಥವೇ ಆಗುವುದಿಲ್ಲ. ಯಾರದು ತಪ್ಪು ಅಂತ ಮಾತ್ರ ಬರೆಯಬೇಡಿ. ನಿಮ್ಮ ಕಿವಿಗೆ ಬಿದ್ದಿರುವುದು ನಿಮ್ಮ ತಾತನ ಕಡೆಯ ಮಾತು. ಇನ್ನೊಂದು ಕವಲಿನ ಮೊಮ್ಮಗಳು ಬೆಂಗಳೂರಿನಲ್ಲಿ ಇದೇ ಕಥೆಯನ್ನು ತಿರುವುಮುರುವಾಗಿ ಕೇಳಿ ಬೆಳೆದಿರುತ್ತಾಳೆ. ಆ ಅಧ್ಯಾಯ ಅಚ್ಚಿಗೆ ಹೋಗುವ ಮೊದಲು ಅವರ ಮನೆಗೆ ತೆಗೆದುಕೊಂಡು ಹೋಗಿ, ಗಟ್ಟಿಯಾಗಿ ಓದಿ. ಅವರು ಬೇಡ ಅಂದ ಸಾಲನ್ನು ತೆಗೆಯಿರಿ. ಆದರೆ ಮನೆಯಲ್ಲಿ ಇಟ್ಟುಕೊಳ್ಳುವ ಒಂದು ಪ್ರತಿಯಲ್ಲಿ ಎರಡೂ ಕಡೆಯ ಮಾತು ಇರಲಿ. ಇದರಲ್ಲಿ ನನ್ನ ಅಭಿಪ್ರಾಯಕ್ಕೆ ಒಪ್ಪದವರು ಇದ್ದಾರೆ. ಸತ್ಯ ಪೂರ್ತಿ ಬರಬೇಕು ಅನ್ನುತ್ತಾರೆ. ನಾಳೆಯೂ ಅದೇ ಗೇಟಿನಲ್ಲಿ ಓಡಾಡಬೇಕಾದವರು ನೀವು, ಹಾಗಾಗಿ ನಾನು ಹೀಗೆ ಹೇಳುತ್ತೇನೆ.

ಕೊನೆಗೆ ಪ್ಯಾಕೆಟ್ ಮೇಲಿನ ವರ್ಷ. ನಿಮ್ಮ ಅಪ್ಪ, ದೊಡ್ಡಪ್ಪ ಇಬ್ಬರೂ ಸರಿ ಇರಬಹುದು. ಜಮೀನು ಕೈಗೆ ಬಂದ ವರ್ಷ ಬೇರೆ, ಕಾಫಿ ನೆಟ್ಟ ವರ್ಷ ಬೇರೆ, ಈಗಿನ ಮನೆ ಕಟ್ಟಿದ ವರ್ಷ ಬೇರೆ. ಜನ ಈ ಮೂರನ್ನೂ "ತೋಟ ಶುರುವಾದದ್ದು" ಅಂತಲೇ ಹೇಳುತ್ತಾರೆ. 1890ರಲ್ಲಿ ಏಲಕ್ಕಿ ಕಾಡು, ಗದ್ದೆ ಸಿಕ್ಕಿ, ಕಾಫಿಯ ದೊಡ್ಡ ನಾಟಿ 1920ರ ನಂತರ ಆಗಿದ್ದರೆ ಎರಡೂ ನಿಜವೇ. ಹಿತ್ತಲಿನಲ್ಲಿ ನಾಲ್ಕು ಕಾಫಿ ಗಿಡ ನಮ್ಮ ಕಡೆ ಬಹಳ ಹಿಂದಿನಿಂದ ಇತ್ತು. ಬಾಬಾಬುಡನ್ ಗಿರಿಯ ಹೆಸರು ಹೇಳಿಯೇ ನಾವು ಕಾಫಿ ಕಥೆ ಶುರು ಮಾಡುವುದು. ಬಿಳಿಯರ ದೊಡ್ಡ ಎಸ್ಟೇಟುಗಳು ಅದರ ಪಕ್ಕದಲ್ಲಿ 1830ರ ಸುಮಾರಿಗೆ, ಮಂಜರಾಬಾದ್ ಕಡೆ 1840ರ ದಶಕದಲ್ಲಿ ಶುರುವಾದವು. ಹಿತ್ತಲಿನ ಕಾಫಿಗೆ ಯಾರೂ ಪತ್ರ ಬರೆದಿಟ್ಟಿಲ್ಲ.

ಕಾಫಿ ಬೋರ್ಡಿನ ನೋಂದಣಿ ಪತ್ರ ಟ್ರಂಕಿನಲ್ಲಿ ಇದ್ದರೆ ಅದರಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ ಇರುತ್ತದೆ. ಆದರೆ ಅದು 1942ರ ಕಾಯ್ದೆಯ ನಂತರದ್ದು, ತೋಟ ಅದಕ್ಕಿಂತ ಹಳೆಯದಾಗಿರಬಹುದು. ಅದಕ್ಕೂ ಹಿಂದೆ ಹೋಗಬೇಕಾದರೆ ಸಾಗುವಳಿ ಚೀಟಿ, ಕ್ರಯಪತ್ರ, ಕಂದಾಯ ರಸೀದಿ ನೋಡಬೇಕು. ಅದೂ ಸಿಗದಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಹಳೇ ಕಡತಗಳಿವೆ, ಎರಡು ಮೂರು ದಿನ ಇಟ್ಟುಕೊಂಡು ಹೋಗಿ. ಬ್ರಿಟಿಷ್ ಮಾಲೀಕರಿಂದ ಕೊಂಡ ತೋಟ ಅಂತ ಗೊತ್ತಾದರೆ ಅದನ್ನು ಹಾಗೇ ಹೇಳಿ. ಅವರು ನೆಟ್ಟ ವರ್ಷವನ್ನು ನಿಮ್ಮ ಮನೆತನದ ವರ್ಷ ಮಾಡಿಕೊಳ್ಳಬೇಡಿ.

ಪತ್ರ ಕೈಗೆ ಸಿಗುವವರೆಗೆ ಪ್ಯಾಕೆಟ್ ಮೇಲೆ ವರ್ಷ ಬೇಡ. ಊರಿನ ಹೆಸರು ಹಾಕಿ, ತಳಿಯ ಹೆಸರು ಹಾಕಿ, ಯಾವ ಬ್ಲಾಕಿನ ಕಾಫಿ ಅಂತ ಹಾಕಿ. ಸಣ್ಣಜ್ಜಿಯ ಹತ್ತಿರ ಹೋಗುವಾಗ ಒಂದು ಪೆನ್ಸಿಲ್ ಇಟ್ಟುಕೊಂಡಿರಿ. ಫೋಟೋಗಳ ಹಿಂದೆ, ಅವರು ಹೇಳಿದ ಹಾಗೇ, ಎಡದಿಂದ ಬಲಕ್ಕೆ ಯಾರು ಯಾರು ಅಂತ ಅಲ್ಲೇ ಕೂತು ಬರೆದುಕೊಳ್ಳಿ. ಪೆನ್ನಿನಲ್ಲಿ ಬರೆದರೆ ಶಾಯಿ ಈಚೆಗೆ ಇಳಿಯುತ್ತದೆ.